ಗುರವ್ವನ ಕುರ್ಚಿ

"ದಾನೂನ ಪಾಸ್‌ಪೋರ್ಟ್ ಕೊಡು ಅಂದ್ನೆಲ್ಲ!" ಎಂದು ಬಸವಲಿಂಗ ಹೆಂಡತಿಯ ಬ್ಯಾಗಿಗೇ ಕೈಹಾಕಿದ. ಚಂದ್ರಿಕಾ ಬ್ಯಾಗನ್ನು ಎದೆಗವಚಿಕೊಂಡು ಗೋಡೆಗೆ ಒರಗಿದಳು.

ಕೊಲ್ಲಿ ದೇಶದ ಆಸ್ಪತ್ರೆಯೊಂದರ ಶವಾಗಾರದ ಹೊರಕೋಣೆ. ನಡುವೆ ತಳ್ಳುಗಾಡಿಯ ಮೇಲೆ ಪೆಟ್ಟಿಗೆ. ಒಳಗೆ ಬಸವಲಿಂಗನ ಅವ್ವ ಗುರವ್ವ, ಹಣೆ ತುಂಬ ವಿಭೂತಿ. ಹೆತ್ತವಳ ಹೆಣದ ಮುಂದೆ ಗಂಡ ಹೆಂಡತಿ ಹೀಗೆ ಜಗ್ಗಾಡುವುದೇ! ಆದರೆ ಇನ್ನು ಅರ್ಧ ತಾಸಿಗೆ ಪೆಟ್ಟಿಗೆ ಏರ್‌ಪೋರ್ಟಿಗೆ ಹೊರಡುವುದಿತ್ತು. ಜೊತೆಗೆ ಹೊರಟಿದ್ದ ಬಸವಲಿಂಗ ಮಗಳು ದಾನುಗೂ ಟಿಕೆಟ್ ಮಾಡಿಸಿಬಿಟ್ಟಿದ್ದ, ಅವಳದು ಬರೀ ಹೋಗುವ ಟಿಕೆಟ್ಟು, ವಾಪಸ್ಸಿನದಿಲ್ಲ.

"ಹುಬ್ಬಳ್ಳ್ಯಾಗ ಅಕ್ಕನ ಕಡೆ ಇರ್ಲಿ. ಇಲ್ಲೆ ಸಾಲ್ಯಾಗ ಅಕಿ ಬಾಜೂಕ ಇನ್ನ ಯಾರ ಕೂಡ್ರತಾರ? ನೀನೋ, ನಾನೋ?"

"ಅಕ್ಕಾರ ಮನಿ ಮೂಲ್ಯಾಗ ಕುಂತು ಬೆಳೀಬೇಕೇನ್ರಿ ನನ್ನ ಮಗಳು?"

"ಸಾಲಿಯವ್ರೇ ಬ್ಯಾಡ ಅಂದಮ್ಯಾಲೆ ಏನ ಮಾಡ್ತಿ?"

ಅದೂ ನಿಜವೇ. ನೆರವಿಗೆ ಕೂಡುವವರಿಲ್ಲದೆ ನಾಳೆಯಿಂದ ಮಗುವನ್ನು ಕ್ಲಾಸಿಗೆ ಸೇರಿಸುವುದಿಲ್ಲವೆಂದು ಶಾಲೆಯಿಂದ ನಿನ್ನೆಯೇ ಇಮೇಲ್ ಬಂದಿತ್ತು. ಸತ್ತ ಮನೆಗೆ ಮೂರು ದಿನ ತಡೆಯಬಾರದಿತ್ತೇ?

"ಜಗಳ ಬಿಡ್ರಪಾ," ಎಂದರು ಪಕ್ಕದ ಫ್ಲಾಟಿನ ಹಿರಿಯ ಫಕೀರಪ್ಪ. "ನಮ್ಮ ಲಿಂಗವಂತ ಮಂದೀನ ಕೂಡ್ರಿಸಿ ಮಣ್ಣ ಮಾಡಬೇಕು, ಇವ್ರು ಮಲಗಿಸಿ ಕಳಸ್ತಾರ ನೋಡು. ಇರ್ಲಿ. ಮೂರು ವರ್ಷ ಸಾಲಿ ಸಣ್ಣ ಕುರ್ಚ್ಯಾಗ ಕುಂತು ಸೊಂಟ ಹಿಡಿದಿತ್ತು ಗುರವ್ವಗ, ಊರ ಮುಟ್ಟೂತನಾ ಮಲಗಲಿ."

ಮೂಲೆಯ ಕುರ್ಚಿಯಲ್ಲಿ ಒಂಬತ್ತು ವರ್ಷದ ದಾನು ಹಿಂದೆ ಮುಂದೆ ತೂಗುತ್ತ ಕೂತಿದ್ದಳು. ಯಾರನ್ನೂ ನೋಡುತ್ತಿರಲಿಲ್ಲ.

*

ದಾನುಗೆ ಆಟಿಸಂ. ಅಷ್ಟು ದೊಡ್ಡ ಖಾಸಗಿ ಶಾಲೆಗೆ ಇಂಥ ಮಕ್ಕಳನ್ನು ನೋಡಿಕೊಳ್ಳಲು ಇದ್ದದ್ದು ಕ್ಯಾರೊಲ್ ಎಂಬ ಕರಾವಳಿಯ ಒಬ್ಬಳೇ ಟೀಚರು. ದಾನು ಸೇರಿದ ಎರಡನೇ ವಾರವೇ ಪಕ್ಕದ ಹುಡುಗಿಯನ್ನು ಕಚ್ಚಿದಳು. ಮನೆಯವರು ಯಾರಾದರೂ ಜೊತೆಗೆ ಕೂತರೆ ಸರಿ, ಇಲ್ಲವಾದರೆ ಟಿಸಿ ಎಂದರು ಪ್ರಿನ್ಸಿಪಾಲರು. ಚಂದ್ರಿಕಾಳಿಗೆ ಮುಶೈರಿಬ್ ಬಡಾವಣೆಯ ಕ್ಲಿನಿಕ್ಕಿನಲ್ಲಿ ಕೆಲಸ, ಬಸವಲಿಂಗನಿಗೆ ಗ್ಯಾಸ್ ಪ್ಲಾಂಟಿನಲ್ಲಿ ಶಿಫ್ಟು.

"ನಾ ಕೂಡ್ರತೀನೇಳು. ಅದೇನ ಗುಡ್ಡಾ ಹೊರೂದೈತಿ?" ಎಂದಳು ಗುರವ್ವ. ಊರ ಶಾಲೆ ಕಟ್ಟುವಾಗ ಕಲ್ಲು ಹೊತ್ತಿದ್ದಳೇ ಹೊರತು ಶಾಲೆಯೊಳಗೆ ಕೂತವಳಲ್ಲ. ಮರುದಿನವೇ ಇಳಕಲ್ ಸೀರೆಯುಟ್ಟು, ಕೈಚೀಲದಲ್ಲಿ ವಿಭೂತಿ ಗಟ್ಟಿ ಇಟ್ಟುಕೊಂಡು ಸ್ಕೂಲ್ ಬಸ್ ಹತ್ತಿದಳು. ಹೋದ ಗುರುವಾರ ಅದೇ ಬಸ್ಸಿನಿಂದ ಇಳಿದು ಬಂದು, ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವಳು ಹಾಗೇ ಕುಸಿದಳು.

*

ಕ್ಯಾರೊಲ್ ಏದುಸಿರು ಬಿಡುತ್ತ ಒಳಗೆ ಬಂದಳು. ಕೈಯಲ್ಲಿ ಗುರವ್ವನ ಕೈಚೀಲವಿತ್ತು.

"ಗುರುವಾರ ಅಜ್ಜಿ ಇದನ್ನು ಶಾಲೆಯಲ್ಲೇ ಬಿಟ್ಟು ಹೋಗಿದ್ರು."

"ನಾಳೆಯಿಂದ ಬ್ಯಾಡ ಅಂತ ಬರದ್ರಿ, ಇವತ್ತ ಚೀಲಾ ಕೊಡಾಕ ಬಂದ್ರೇನು?" ಎಂದು ಬಸವಲಿಂಗ ಸಿಡಿದ.

"ಬಯ್ಯಿರಿ, ಬೇಜಾರಿಲ್ಲ. ಆದ್ರೆ ಒಂದು ವಿಷಯ ಕೇಳಿ ಮಾರಾಯ್ರೆ. ಎರಡು ತಿಂಗಳಿಂದ ಅಜ್ಜಿ ಕ್ಲಾಸೊಳಗೆ ಕೂತೇ ಇಲ್ಲ. ಕೂತದ್ದು ಹೊರಗೆ, ನೀರಿನ ಫಿಲ್ಟರಿನ ಹತ್ರ. ಒಳಗೆ ದಾನು ಒಬ್ಬಳೇ."

ಚಂದ್ರಿಕಾ ಮೂಲೆಯಲ್ಲಿದ್ದ ದಾನುವಿನತ್ತ ತಿರುಗಿ ನೋಡಿದಳು.

"ವಾರಕ್ಕಿಷ್ಟು ಅಂತ ಕುರ್ಚಿ ಹಿಂದೆ ಸರಿಸ್ತಿದ್ರು. ಸರಿಸಿದಲ್ಲೆಲ್ಲ ನೆಲಕ್ಕೊಂದು ವಿಭೂತಿ ಗೆರೆ. ಇಲ್ಲೇ ಇದ್ದೇನೆ ಅಂತ ಕೂತು ಕೈ ಎತ್ತಿ ತೋರಿಸ್ತಿದ್ರು. ದಾನುವೂ ಕೈ ಎತ್ತಿ, ಮತ್ತೆ ತಿರುಗಿ ಅವಳ ಪಾಡಿಗೆ ಬರೀತಿದ್ಲು."

"ಮನ್ಯಾಗ ಒಂದ ಮಾತ ಹೇಳ್ಲಿಲ್ಲಲ್ಲ ಅತ್ತಿ!"

"ಬೇಡ ಅಂದ್ರು. ಆಸೆ ಹುಟ್ಟಿಸಿ ಆಮೇಲೆ ಕೆಟ್ಟರೆ ಮಗನ ಮೋರೆ ನೋಡ್ಲಿಕ್ಕಾಗುದಿಲ್ಲ ಅಂತ. ಅವರ ಮಾತು ಕೇಳಿ ಪ್ರಿನ್ಸಿಪಾಲರಿಗೆ ನಾನೂ ಹೇಳಲಿಲ್ಲ, ಅದು ನನ್ನ ತಪ್ಪು. ಒಬ್ಬಳೇ ಕೂತ್ಕೊಳ್ತಾಳೆ ಅಂತ ಇವತ್ತೇ ಬರೆದು ಕೊಡ್ತೇನೆ."

"ಸುಳ್ಳು," ಎಂದ ಬಸವಲಿಂಗ. "ನಮ್ಮ ಸಮಾಧಾನಕ್ಕ ಹೇಳಾಕತ್ತೀರಿ. ಚಂದ್ರಿ, ಪಾಸ್‌ಪೋರ್ಟ್ ಕೊಡು."

"ಯಲ್ಲಾ, ಯಲ್ಲಾ," ಎಂದು ಅವಸರಿಸುತ್ತ ಸಿಬ್ಬಂದಿ ಬಂದು ಮುಚ್ಚಳ ಹಾಕಿ ಗಾಡಿ ತಳ್ಳಿದರು. ದಾನು ತಟ್ಟನೆ ಎದ್ದಳು. ಇನ್ನು ಚೀರುತ್ತಾಳೆ, ಕಚ್ಚುತ್ತಾಳೆ ಎಂದುಕೊಂಡರು ಎಲ್ಲರೂ. ಅವಳು ಸೀದಾ ಬಂದು ಕ್ಯಾರೊಲಳ ಕೈಯಲ್ಲಿದ್ದ ಚೀಲದಿಂದ ವಿಭೂತಿ ಗಟ್ಟಿ ತೆಗೆದಳು. ಗಾಡಿ ನಿಂತಿದ್ದ ಜಾಗದಲ್ಲಿ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಒಂದು ಗೆರೆ ಎಳೆದಳು.

ಹಿಡಿಯಲು ಹೋದ ಬಸವಲಿಂಗನ ತೋಳನ್ನು ಚಂದ್ರಿಕಾ ಗಟ್ಟಿಯಾಗಿ ಹಿಡಿದಳು. "ಬಿಡ್ರಿ. ನೋಡೂಣು."

ಬಾಗಿಲಲ್ಲಿ ಗಾಡಿ ಒಂದು ಗಳಿಗೆ ನಿಂತಿತು. ಅಲ್ಲೊಂದು ಗೆರೆ. ಹೊರಗೆ ಸುಡುಬಿಸಿಲಲ್ಲಿ ಪೆಟ್ಟಿಗೆಯನ್ನು ವ್ಯಾನಿಗೇರಿಸಿದರು. ವ್ಯಾನಿನ ಹಿಂದೆ, ಕಾದ ಡಾಂಬರಿನ ಮೇಲೆ ಇನ್ನೊಂದು ಗೆರೆ.

ಡ್ರೈವರ್ ಹಾರ್ನ್ ಹೊಡೆದ. ಬಸವಲಿಂಗ ಹೆಂಡತಿಯ ಬ್ಯಾಗನ್ನು ನೋಡಿದ, ಮಗಳನ್ನು ನೋಡಿದ. ಹೆಗಲ ಟವಲಿನಿಂದ ಮುಖ ಒರೆಸಿಕೊಂಡು, ಏನೂ ಕೇಳದೆ ಒಬ್ಬನೇ ವ್ಯಾನ್ ಹತ್ತಿದ.

ವ್ಯಾನ್ ಹೊರಟಿತು. ದಾನು ಗೆರೆಯ ಈಚೆ ನಿಂತು ಕೈ ಎತ್ತಿದಳು. ವ್ಯಾನ್ ತಿರುವಿನಲ್ಲಿ ಮರೆಯಾಗುವವರೆಗೂ ಎತ್ತಿಯೇ ಇದ್ದಳು. ಆಮೇಲೆ ಕೈ ಇಳಿಸಿ, ಯಾರ ಕೈಯನ್ನೂ ಹಿಡಿಯದೆ ಒಳಗೆ ನಡೆದು, ತನ್ನ ಕುರ್ಚಿಯಲ್ಲಿ ಹೋಗಿ ಕೂತಳು.