ಥಾರ್ನ್‌ಶಾದಲ್ಲಿ ರೈಲು ನಿಂತ ಕಾರಣ

ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಗಾರ್ಡ್ ಹೇಝಲ್ ನಾಲ್ಕು ಕಂಪನಿಗಳ ಕೋಟು ತೊಟ್ಟಿದ್ದಳು. ಲ್ಯಾಂಕಾಶೈರಿನ ಆ ಗುಡ್ಡಗಾಡು ಮಾರ್ಗವನ್ನು ಸರ್ಕಾರ ಕೆಲವು ವರ್ಷಗಳಿಗೊಮ್ಮೆ ಗುತ್ತಿಗೆ ಕೊಡುತ್ತಿತ್ತು. ಗೆದ್ದ ಕಂಪನಿ ರೈಲಿಗೆ ಹೊಸ ಬಣ್ಣ ಬಳಿದು ‘ಹೊಸ ಯುಗ’ ಎಂದು ಬರೆಸುತ್ತಿತ್ತು. ಬಣ್ಣದ ಕೆಳಗೆ ಅವೇ ಎರಡು ಡಬ್ಬಿ, ಸೋರುವ ಅದೇ ಕಿಟಕಿ, ಅದೇ ಹೇಝಲ್.

ಈಗಿನ ಕಂಪನಿಯ ಗುತ್ತಿಗೆ ಮುಂದುವರಿಯುವುದೋ ಇಲ್ಲವೋ ಎಂಬುದು ಶುಕ್ರವಾರ ತೀರ್ಮಾನವಾಗಲಿತ್ತು. ನೂರಕ್ಕೆ ತೊಂಬತ್ತು ರೈಲು ಹೊತ್ತಿಗೆ ಸರಿಯಾಗಿ ಬರಬೇಕೆಂಬುದು ಕರಾರು. ಐದು ನಿಮಿಷದೊಳಗಿನ ತಡ ತಡವೇ ಅಲ್ಲ. ಹೊತ್ತು ನೋಡುತ್ತಿದ್ದದ್ದಾದರೂ ಕೊನೆಯ ನಿಲ್ದಾಣದಲ್ಲಿ ಮಾತ್ರ. ಹಾಗಾಗಿ ತಡವಾದ ರೈಲನ್ನು ನಡುವೆ ಎಲ್ಲೂ ನಿಲ್ಲಿಸದೆ ಓಡಿಸುತ್ತಿದ್ದರು. ಹತ್ತುವ ಇಳಿಯುವ ಜನರ ಕಾಟವೊಂದಿಲ್ಲದಿದ್ದರೆ ರೈಲು ಎಷ್ಟು ಚೆನ್ನಾಗಿ ನಡೆಯುತ್ತದೆಂಬುದನ್ನು ಕಂಪನಿ ಕಂಡುಕೊಂಡಿತ್ತು.

ಗುರುವಾರ ಬೆಳಿಗ್ಗೆ ಆರು ನಿಮಿಷ ತಡ. ಕಂಟ್ರೋಲ್ ರೂಮಿನಿಂದ ಅಪ್ಪಣೆ ಬಂತು: ಥಾರ್ನ್‌ಶಾ ಬಿಟ್ಟು ನೇರ ಕೊನೆಯ ನಿಲ್ದಾಣವಾದ ಕ್ಯಾಲ್ಡರ್‌ಲಿಗೆ. ಹೇಝಲ್ ಡಬ್ಬಿಯಲ್ಲಿ ಕೂಗಿ ಹೇಳಿದಳು.

ಮುದುಕ ಎಂಟ್ವಿಸಲ್ ತಡವರಿಸುತ್ತ ಎದ್ದು ನಿಂತ. “ಮಗಳೇ, ಥಾರ್ನ್‌ಶಾ ಆಸ್ಪತ್ರೇಲಿ ಹತ್ತೂಕಾಲಿಗೆ ನನ್ನ ಕಣ್ಣಿನ ಆಪರೇಷನ್. ಹನ್ನೊಂದು ತಿಂಗಳು ಕಾದಿದ್ದೀನಿ. ತಪ್ಪಿದ್ರೆ ಮತ್ತೆ ಸಾಲಿನ ಕೊನೇಗೆ.”

“ಕ್ಯಾಲ್ಡರ್‌ಲಿಯಿಂದ ಹನ್ನೊಂದಕ್ಕೆ ವಾಪಸ್ ರೈಲಿದೆ, ಅಜ್ಜ.”

“ಅದಾದ್ರೂ ನಿಲ್ಲತ್ತಾ?”

“ತಡ ಆಗದಿದ್ರೆ ನಿಲ್ಲತ್ತೆ.”

“ಅಂದ್ರೆ ನಿಲ್ಲಲ್ಲ ಅನ್ನು.”

ಹಿಂದೊಮ್ಮೆ ಇಂಥದೇ ಅಪ್ಪಣೆ ಮೀರಿದ್ದಕ್ಕೆ ಹೇಝಲ್‌ಗೆ ಒಂದು ಎಚ್ಚರಿಕೆಯ ಕಾಗದ ಆಗಲೇ ಬಂದಿತ್ತು. ಎರಡನೆಯದು ಬಂದರೆ ನೌಕರಿಯೇ ಹೋಗಬಹುದು. ಮನೆಯಲ್ಲಿ ಮೂರು ಮಕ್ಕಳು. ಮುದುಕ ಕಂಬಿ ಹಿಡಿಯಲು ಹೋಗಿ ಗಾಳಿಯನ್ನು ಹಿಡಿದ. ಥಾರ್ನ್‌ಶಾ ಹತ್ತಿರವಾದಾಗ ಅವಳು ಚಾಲಕನಿಗೆ ಕೇಳುವ ಗಂಟೆಯನ್ನು ಒಮ್ಮೆ ಒತ್ತಿದಳು. ಒಮ್ಮೆ ಬಾರಿಸಿದರೆ ನಿಲ್ಲಿಸು ಎಂದರ್ಥ.

“ಏನಾಯ್ತೇ?” ಚಾಲಕ ಒಳಫೋನಿನಲ್ಲಿ ಗಾಬರಿಯಿಂದ ಕೇಳಿದ.

“ಸ್ಟೇಷನ್ ಬಂತು.”

“ಅಷ್ಟೇನಾ!”

ಎಂಟ್ವಿಸಲ್‌ನನ್ನು ಕೈಹಿಡಿದು ಇಳಿಸಿದಳು. ಪ್ಲಾಟ್‌ಫಾರಂನಲ್ಲಿದ್ದ ನಾಲ್ವರು, ನಿಂತದ್ದು ನಿಜವಾದ ರೈಲೇ ಎಂದು ಒಮ್ಮೆ ನೋಡಿಕೊಂಡು ಹತ್ತಿದರು.

ಕ್ಯಾಲ್ಡರ್‌ಲಿ ಮುಟ್ಟಿದಾಗ ಏಳು ನಿಮಿಷ ತಡ. ಕೂಡಲೇ ಕ್ಲೈವ್‌ನ ಫೋನು. ತಡ ಯಾರ ತಪ್ಪೆಂದು ಹುಡುಕುವುದಕ್ಕೇ ಕಂಪನಿ ಅವನಿಗೆ ಸಂಬಳ ಕೊಡುತ್ತಿತ್ತು. ತಡ ತಪ್ಪಿಸುವುದಕ್ಕೆ ಯಾರೂ ಇರಲಿಲ್ಲ.

“ಕುರಿ ಅಡ್ಡ ಬಂತಾ, ಹೇಝಲ್?”

“ಇಲ್ಲ.”

“ಹಳಿ ಮೇಲೆ ಒದ್ದೆ ಎಲೆ ಅನ್ನು. ಹಳಿ ನೋಡ್ಕೊಳ್ಳೋ ಕಂಪನಿ ಬೇರೆ ತಾನೆ, ಅವರ ತಲೆಗೆ ಕಟ್ತೀನಿ.”

“ಮೇ ತಿಂಗಳಲ್ಲಿ ಎಲೆ ಉದುರತ್ತಾ? ಪ್ರಯಾಣಿಕ ಇಳಿದ, ಹಾಗೇ ಬರ್ಕೊ.”

“ಪಟ್ಟೀಲಿ ಅಂಥ ಕಾರಣ ಇಲ್ಲ ಕಣೇ! ಹಳಿ ಮೇಲೆ ಹಂಸ ಕೂತದ್ದಿದೆ, ಸಿಡಿಲು ಬಡಿದದ್ದಿದೆ, ಜನ ಇಳಿಯೋದು ಇಲ್ಲ. ಹತ್ತಿರದ್ದು ಅಂದ್ರೆ ‘ಪ್ರಯಾಣಿಕನ ಪುಂಡಾಟ’. ಹಾಕ್ಲಾ? ನೀನು ಬಚಾವ್.”

ಎಂಬತ್ತರ ಎಂಟ್ವಿಸಲ್‌ನ ಪುಂಡಾಟ ನೆನೆದು ಹೇಝಲ್‌ಗೆ ನಗು ಬಂತು.

“ಬೇಡ. ಗಾರ್ಡ್ ನಿಲ್ಲಿಸಿದ್ಲು ಅಂತ ಹಾಕು.”

“ಹುಚ್ಚೀ, ಸೋಮವಾರಾನೇ ಕಾಗದ ಬರತ್ತೆ ನಿಂಗೆ.”

“ಬರ್ಲಿ. ಯಾವ ಕಂಪನಿ ಹೆಸರಲ್ಲಿ ಬರತ್ತೋ ನೋಡೋಣ.”