ಸರ್ವಾನುಮತ

ಬಸ್ಸಿನಲ್ಲಿ ನಿಂತವರೆಲ್ಲ ಕೈ ಎತ್ತಿದ್ದಾರೆ, ಮೇಲಿನ ಸರಳು ಹಿಡಿಯಲಿಕ್ಕೆ ಅಷ್ಟೆ, ಜಾಲ್ಸೂರಿನ ತಿರುವಿನಲ್ಲಿ ಎಲ್ಲ ಕೈಗಳೂ ಒಟ್ಟಿಗೆ ಒಂದೇ ಕಡೆ ವಾಲಿದವು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಮೇದಪ್ಪ ತನ್ನ ಬಲಗೈಯನ್ನು ತೊಡೆಯ ಕೆಳಗೆ ತಳ್ಳಿ ಕೂತ — ಇದೇ ಕೈ, ಹೋದ ವಾರ ದಿಲ್ಲಿಯ ಆ ತಣ್ಣನೆಯ ಸಭಾಂಗಣದಲ್ಲಿ, ಕೇಂದ್ರ ಸಮಿತಿಯ ಸಭೆಯಲ್ಲಿ, ಒಪ್ಪುವವರು ಎಂದ ಕೂಡಲೇ ಎದ್ದದ್ದು, ಯೋಚಿಸಿ ಎದ್ದದ್ದೂ ಅಲ್ಲ ದರಿದ್ರದ್ದು, ಆಚೆಯದು ಎದ್ದಿತು ಈಚೆಯದು ಎದ್ದಿತು ನಡುವೆ ಇದೂ ಎದ್ದಿತು, ಆಯಿತು, ಕುಂಬ್ರದ ನೆಬೀಸ ಪಕ್ಷದಿಂದ ಹೊರಗೆ. ಅವಳು ಮಾಡಿದ ತಪ್ಪಾದರೂ ಏನು, ರಾಜ್ಯದ ದೊಡ್ಡ ನಾಯಕರೊಬ್ಬರು ಮಾಲೀಕರ ಜೊತೆ ಬಾಗಿಲು ಹಾಕಿಕೊಂಡು ಬೀಡಿ ಮಜೂರಿಯ ಒಪ್ಪಂದಕ್ಕೆ ಸಹಿ ಹಾಕಿ ಬಂದರು, ಇವಳು ಪುತ್ತೂರಿನಲ್ಲಿ ಮೈಕು ಹಿಡಿದು, ಬೀಡಿ ಕಟ್ಟುವವರನ್ನು ಕೇಳದೆ ಬೀಡಿಯ ಕೂಲಿ ನಿಶ್ಚಯ ಮಾಡುದು ಯಾವ ಸೀಮೆಯ ಕಮ್ಯುನಿಸಂ ಮಾರಾಯ್ರೆ ಎಂದು ಕೇಳಿಬಿಟ್ಟಳು, ಕೇಳಿದ್ದು ಸರಿ, ಕೇಳಿದ ಜಾಗ ತಪ್ಪು, ಒಳಗಿನದನ್ನು ಬೀದಿಯಲ್ಲಿ ಆಡಿದರೆ ಶಿಸ್ತುಭಂಗ, ರಾಜ್ಯ ಸಮಿತಿ ಅವಳನ್ನು ತೆಗೆಯುವುದೆಂದು ತೀರ್ಮಾನಿಸಿತು. ಅವಳ ಮೇಲ್ಮನವಿ ಕೇಂದ್ರ ಸಮಿತಿಗೆ ಹೋದಾಗ ಇವನೇ ಹೇಳಿದ್ದ, ನಾನಿದ್ದೇನಲ್ಲ, ಮಾತಾಡ್ತೇನೆ. ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಸೇರಿ ಆ ಸಮಿತಿಗೆ ಇವನೊಬ್ಬ, ಊರಿನಲ್ಲಿ ಹುಲಿ, ದಿಲ್ಲಿಯಲ್ಲಿ ಇಲಿ ಎಂದು ಹೆಂಡತಿ ದಮಯಂತಿ ಎಂದೋ ತಮಾಷೆಗೆ ಅಂದಿದ್ದಳು, ಅದು ತಮಾಷೆ ಅಲ್ಲವೆಂದು ಈಗ ಗೊತ್ತಾಯಿತು. ರೈಲಿನಲ್ಲಿ ಉದ್ದಕ್ಕೂ ಒಂದೇ ವಾಕ್ಯವನ್ನು ಅರೆದು ಅರೆದು ನುಣ್ಣಗೆ ಮಾಡಿಕೊಂಡಿದ್ದ, ಕಾಮ್ರೇಡ್, ಹೇಳಿದ ಜಾಗ ತಪ್ಪಿರಬಹುದು, ಹೇಳಿದ್ದು ಸುಳ್ಳಲ್ಲ — ಇಷ್ಟೇ, ಕನ್ನಡದಲ್ಲೇ ಹೇಳಬಹುದಿತ್ತು, ಇಯರ್‌ಫೋನಿನಲ್ಲಿ ಅನುವಾದ ಮಾಡುವ ಹುಡುಗಿ ಇದ್ದಳು — ಆದರೆ ಮಧ್ಯಾಹ್ನ ಊಟದ ಸಾಲಿನಲ್ಲಿ ಅದೇ ನಾಯಕರು ಹತ್ತಿರ ಬಂದು ಭುಜದ ಮೇಲೆ ಕೈಯಿಟ್ಟು, ಮೇದಪ್ಪಣ್ಣ, ಮೊಸರು ಹಾಕ್ಲಾ, ಎಂದು ತಾವೇ ಬಡಿಸಿದರು, ಮುಂದಿನ ಸಮಿತಿಯಲ್ಲೂ ನಿಮ್ಮಂಥ ಹಳಬರು ಬೇಕು ಎಂದರು, ಎಷ್ಟು ಚಂದದ ಗಟ್ಟಿ ಮೊಸರು, ಗಂಟಲಲ್ಲಿಳಿದು ಅಲ್ಲೇ ಬಾಗಿಲು ಹಾಕಿತು. ಛೆ. ಬೆದರಿಸಿದ್ದರಾದರೂ ಮಾತಾಡುತ್ತಿದ್ದನೇನೋ, ಇದು ಒಂದು ಸೌಟು ಮೊಸರು. ವಿರೋಧ? ಎಂದು ಕೇಳಿದಾಗ ಯಾರೂ ಇಲ್ಲ, ತಟಸ್ಥ? ಯಾರೂ ಇಲ್ಲ, ತಟಸ್ಥನಾಗಲಿಕ್ಕೂ ಇವನಿಂದ ಆಗಲಿಲ್ಲ, ಸರ್ವಾನುಮತ ಎಂದರು, ಚಪ್ಪಾಳೆ ಕೂಡ ಇಲ್ಲ, ಮುಂದಿನ ವಿಷಯ. ನಿನ್ನೆ ನೆಟ್ಟಣದಲ್ಲಿ ರೈಲು ಇಳಿದು ಮನೆ ಸೇರಿದರೆ ದಮಯಂತಿ ಕೇಳಿದ್ದು ಒಂದೇ, ನೆಬೀಸನ ವಿಷಯ ಎಂತ ಆಯ್ತು, ಇವನು ಸ್ನಾನಕ್ಕೆ ನೀರು ಉಂಟಾ ಎಂದು ಕೇಳಿದ, ಅವಳು ಹಂಡೆಯ ಒಲೆಗೆ ಸೌದೆ ತಳ್ಳಲು ಹೋದಳು.

ಕುಂಬ್ರ, ಕುಂಬ್ರ, ಕಂಡಕ್ಟರ್ ಕೂಗಿದ, ಇಳಿಯದೆ ಪುತ್ತೂರಿಗೇ ಹೋಗಿಬಿಟ್ಟರೆ, ಜ್ವರ ಬಂದಿದೆ ಎಂದು ಫೋನು ಮಾಡಿದರೆ — ಇಳಿದ. ಮೇಲಿನ ಸಮಿತಿಯ ತೀರ್ಮಾನವನ್ನು ಕೆಳಗಿನ ಶಾಖೆಗೆ ಹೋಗಿ ವರದಿ ಮಾಡುವುದು ಇವನದೇ ಕೆಲಸ, ವರದಿಯಾಗುವ ತನಕ ಅವಳು ಇನ್ನೂ ಸದಸ್ಯೆಯೇ, ಎಲ್ಲರ ಜೊತೆ ಅಲ್ಲೇ ಕೂತಿರುತ್ತಾಳೆ. ಕೂತಿಲ್ಲ, ಮೆಟ್ಟಿಲ ಬುಡದಲ್ಲೇ ನಿಂತಿದ್ದಾಳೆ, ಅಂಗಡಿಗಳ ಮೇಲಿನ ಆಫೀಸಿಗೆ ಹತ್ತುವ ಆ ಕಡಿದಾದ ಮೆಟ್ಟಿಲು, ತಲೆಯ ಮೇಲೆ ಶಾಲು ಸರಿಮಾಡಿಕೊಂಡು, ದಾರಿಯಲ್ಲಿ ತ್ರಾಸ ಆಯ್ತಾ ಎಂದು ಕೇಳುತ್ತಾಳೆ, ಇವನ ಮುಖ ನೋಡಿದ ಕೂಡಲೇ ತೀರ್ಮಾನ ಏನೆಂದು ಅವಳಿಗೆ ಗೊತ್ತಾಯಿತು, ಎಷ್ಟಾದರೂ ಇಪ್ಪತ್ತು ವರ್ಷದ ಪರಿಚಯ. ಇವನು ಬಾಯಿ ತೆರೆದ, ನೆಬೀಸ, ಅಲ್ಲಿ ನಾನು — ಅವಳು ತಡೆದಳು. ಬೇಡ ಮೇದಪ್ಪಣ್ಣ, ಹೇಳಬೇಡಿ. ಒಳಗೆ ಯಾರು ಎಂತ ಮಾತಾಡಿದ್ದು ಅಂತ ಹೊರಗೆ ಹೇಳ್ಲಿಕ್ಕಿಲ್ಲ, ನೀವೇ ಕಲಿಸಿದ್ದಲ್ವಾ. ನೀವು ನನ್ನ ಪರ ಹೇಳಿರ್ತೀರಿ. ಅಷ್ಟು ಜನರ ಎದುರು ನೀವೊಬ್ರು. ಅದು ಸಾಕು ನನಗೆ. ಹೌದು, ಇವನೇ ಕಲಿಸಿದ್ದು, ಮೇಲಿನ ಇದೇ ಆಫೀಸಿನ ಕೋಣೆಯಲ್ಲಿ, ಒಳಗೆ ಎಷ್ಟು ಬೇಕಾದರೂ ಜಗಳ ಮಾಡಿ, ತೀರ್ಮಾನ ಆದ ಮೇಲೆ ಅದು ಎಲ್ಲರದ್ದು, ವಿರೋಧಿಸಿದವನೂ ಅದನ್ನು ತನ್ನದೆಂದೇ ಹೇಳಬೇಕು, ಅವಳು ಮುಂದಿನ ಸಾಲಿನಲ್ಲಿ ಕೂತು ಮೊರದಂಥ ಸೂಪಿನಲ್ಲಿ ಬೀಡಿ ಎಲೆ ಕತ್ತರಿಸುತ್ತಲೇ ತಲೆಯಾಡಿಸಿದ್ದಳು — ಧೈರ್ಯ ಮಾಡಿದವನಿಗೆ ಇದ್ದ ನಿಯಮದ ಕೆಳಗೆ ಈಗ ಹೇಡಿಯೊಬ್ಬ ಬೆಚ್ಚಗೆ ನುಸುಳಿ ಕೂತಿದ್ದಾನೆ, ಸಾಯುವವರೆಗೆ ಕೂರಬಹುದು, ಯಾರಿಗೂ ಗೊತ್ತಾಗುವುದಿಲ್ಲ. ಇಲ್ಲ ನೆಬೀಸ, ನಾನು ಹೇಳಲಿಲ್ಲ, ಕೈ ಎತ್ತಿದೆ — ಆರೇ ಪದ, ಮೆಟ್ಟಿಲು ಹತ್ತುವಾಗ ಒಂದೊಂದು ಮೆಟ್ಟಿಲಿಗೂ ಈಗ ಹೇಳುತ್ತೇನೆ, ಈಗ, ಅಷ್ಟರಲ್ಲಿ ಮೆಟ್ಟಿಲು ಮುಗಿದು ಬಾಗಿಲು ಬಂತು.

ಶಾಖಾ ಕಾರ್ಯದರ್ಶಿ ಕೃಷ್ಣಮೋಹನ ಫ್ಯಾನು ಹಾಕಿದ, ವರದಿ ಮುಗಿಯಿತು, ಕೇಂದ್ರ ಸಮಿತಿ ಸರ್ವಾನುಮತದಿಂದ ಎಂಬ ಮಾತನ್ನು ಇವನು ತಗ್ಗಿದ ದನಿಯಲ್ಲಿ ದಾಟಿಸಿದ, ಯಾರೂ ಇವನನ್ನು ನೋಡಲಿಲ್ಲ, ಬೀಡಿ ಕಟ್ಟುವ ಹೆಂಗಸರು ನೆಲ ನೋಡುತ್ತಿದ್ದರು. ಮೇಲಿನ ತೀರ್ಮಾನವನ್ನು ಒಪ್ಪುವವರು ಕೈ ಎತ್ತಿ, ಎಂದ ಕೃಷ್ಣಮೋಹನ, ಅವನದೂ ಏಳಲಿಲ್ಲ. ಒಂದೂ ಇಲ್ಲ. ಎಷ್ಟು ಸುಲಭ ನೋಡು, ಇವರಿಗೆ ದಿಲ್ಲಿಯೂ ಗೊತ್ತಿಲ್ಲ ಇಯರ್‌ಫೋನೂ ಇಲ್ಲ, ಸುಮ್ಮನೆ ಕೈಯನ್ನು ಮಡಿಲಲ್ಲೇ ಇಟ್ಟುಕೊಂಡರು, ಇಷ್ಟೇ ಮಾಡಬೇಕಿತ್ತು, ಇಷ್ಟೇ. ಆಗ ನೆಬೀಸ ಹಿಂದಕ್ಕೆ ತಿರುಗಿ ಎಲ್ಲರನ್ನೂ ನೋಡಿದಳು, ಎತ್ತಿ ಮಾರಾಯ್ರೆ, ನೀವು ಹೀಗೆ ಕೂತರೆ ಮೇದಪ್ಪಣ್ಣ ಮೇಲೆ ಹೋಗಿ ಎಂತ ಹೇಳುದು, ಅವರು ನಮಗೋಸ್ಕರ ಅಲ್ಲಿ ಜಗಳ ಮಾಡಿ ಬಂದವರು, ಎಂದಳು, ಎಂದು ತಾನೇ ಮೊದಲು ಕೈ ಎತ್ತಿದಳು, ತನ್ನನ್ನೇ ಹೊರಗೆ ಹಾಕುವ ತೀರ್ಮಾನಕ್ಕೆ, ಇವನಿಗೆ ಕಷ್ಟವಾಗಬಾರದೆಂದು. ಹೇಳು, ಈಗ ಹೇಳು, ಜಗಳ ಮಾಡಲಿಲ್ಲ ಎನ್ನು, ಒಂದೊಂದಾಗಿ ಉಳಿದ ಕೈಗಳು ಏಳುತ್ತಿವೆ, ಕೃಷ್ಣಮೋಹನ ವಿರೋಧ? ಎನ್ನುತ್ತಾನೆ, ಮೇಲಿನಿಂದ ಬಂದವನಿಗೆ ಇಲ್ಲಿ ಮತವಿಲ್ಲ, ಇವನ ಕೈ ತೊಡೆಯ ಮೇಲೆ ಹೆಣದ ಹಾಗೆ ಬಿದ್ದಿದೆ, ಉಳಿದವರೆಲ್ಲ ಇಳಿಸಿದರು, ಅವಳು ಇನ್ನೂ ಇಳಿಸಿಲ್ಲ, ಇಳಿಸು ನೆಬೀಸ ಎನ್ನಬೇಕು, ಅಂಗಿಯ ತೋಳು ಜಾರಿ ಮಣಿಕಟ್ಟು ಕಾಣುತ್ತದೆ, ಹೊಗೆಸೊಪ್ಪು ಹಿಡಿದು ಕಪ್ಪಾದ ಹೆಬ್ಬೆರಳು, ಅವಳು ಇವನನ್ನೇ ನೋಡಿ ಸಣ್ಣಗೆ ನಗುತ್ತಿದ್ದಾಳೆ, ಇಳಿಸು — ಆ ಕೈ, ಮೇಲೆ, ಆ ಕೈ