ಐತೆಯಿಂದ ಅಶ್ಮಿತಾವರೆಗೆ

ಕೊಡಿಯಾಲ್‌ಬೈಲಿನ ಆ ಗ್ಯಾಲರಿಯ ಮಾಡಿನಿಂದ ಐದು ಬಟ್ಟೆಗಳು ಇಳಿಬಿದ್ದಿದ್ದವು. ಐದೆಂದರೂ ಸರಿ, ಒಂದೆಂದರೂ ಸರಿ. ಒಬ್ಬಳ ಬಟ್ಟೆ ಮುಗಿದಲ್ಲಿ ಮಗ್ಗದ ಎಳೆಗಳನ್ನು ಕತ್ತರಿಸಿ ತೆಗೆಯದೆ, ಮುಂದಿನವಳ ಎಳೆಗಳನ್ನು ಅದಕ್ಕೇ ಒಂದೊಂದಾಗಿ ಗಂಟು ಹಾಕಿ ನೇಯ್ದದ್ದು. ಐತೆ, ಐತೆಯ ಮಗಳು ದುಗ್ಗು, ದುಗ್ಗುವಿನ ಮಗಳು ವಾರಿಜಾಕ್ಷಿ, ಅವಳ ಮಗಳು ಸುಜಯಾ, ಕೊನೆಗೆ ಅಶ್ಮಿತಾ. ತುಳುವರ ಮನೆಗಳಲ್ಲಿ ಬರಿ, ಅಂದರೆ ಕುಲ, ಬರುವುದು ತಾಯಿಯಿಂದ. ತಾನು ಯಾರು ಎಂಬ ಪ್ರಶ್ನೆಗೆ ಅಶ್ಮಿತಾ ಬೋಳಾರದ ಬಾಡಿಗೆ ಕೋಣೆಯಲ್ಲಿ ಹತ್ತು ತಿಂಗಳು ಕೂತು ನೇಯ್ದ ಉತ್ತರ ಅದು. ಅವಳ ಮೊದಲ ಪ್ರದರ್ಶನ.

ಉದ್ಘಾಟನೆ ಸಂಜೆ ಐದಕ್ಕೆ. ಗೋಡೆಗೆ ಅಂಟಿಸುವ ಬರಹ ಹನ್ನೆರಡರೊಳಗೆ ಬೇಕೆಂದು ಗ್ಯಾಲರಿ ನೋಡಿಕೊಳ್ಳುವ ಮೆಲ್ವಿನ್ ಬೆಳಗ್ಗಿನಿಂದ ಬೆನ್ನು ಬಿದ್ದಿದ್ದ.

“ಬೇಜಾರು ಮಾಡ್ಬೇಡಿ ಅಶ್ಮಿತಾ. ನೋಡ್ಲಿಕ್ಕೆ ಚಂದ ಉಂಟು. ಆದ್ರೆ ಒಂದು ಕಥೆ ಇಲ್ಲದಿದ್ರೆ ಜನ ಎಂತ ಹೇಳ್ತಾರೆ ಗೊತ್ತುಂಟಾ? ಕರ್ಟನ್ ಅಂಗಡಿ ಅಂತ.”

ಅಶ್ಮಿತಾಳಿಗೂ ಹಾಗೇ ಅನಿಸತೊಡಗಿತ್ತು. ಏನೋ ಒಂದು ಕಡಿಮೆಯಾಗಿದೆ.

ಹತ್ತೂವರೆಗೆ ವಾರಿಜಾಕ್ಷಿ ಅಜ್ಜಿ ದೇರೆಬೈಲಿನಿಂದ ಆಟೋ ಮಾಡಿಕೊಂಡು ಬಂದಳು. ಸಂಜೆಯ ಗದ್ದಲ ಅವಳ ಮಂಡಿಗೆ ಆಗಿಬರುವುದಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊದಲ ಬಟ್ಟೆಯನ್ನು ನೋಡಿದಳು. ಕೆನೆಬಣ್ಣ, ಅಂಚಿಗೆ ತೆಳು ನೇರಳೆ.

“ಇದು ಐತೆ,” ಅಂದಳು ಅಶ್ಮಿತಾ.

“ಯಾವ ಐತೆ?”

“ನಿಮ್ಮ ಅಜ್ಜಿ. ನೇತ್ರಾವತಿಯಲ್ಲಿ ದೋಣಿ ಮಗುಚಿದಾಗ ಮರುವಾಯಿ ಚಿಪ್ಪಿನಲ್ಲಿ ಕೂತು ದಡ ಸೇರಿದ್ದು. ನೀವೇ ಹೇಳಿದ್ದಲ್ವಾ?”

“ಚಿಪ್ಪಿನಲ್ಲಿ ಕೂತು ಹೊಳೆ ದಾಟ್ಲಿಕ್ಕೆ ಆಗ್ತದಾ ಮಾರಾಯ್ತಿ?” ಅಜ್ಜಿ ನಕ್ಕಳು. “ನೀನು ಕಾಲೇಜಿಗೆ ಹೋದವಳು.”

“ಚಿಪ್ಪು ಸುಳ್ಳು ಅಂತ ಗೊತ್ತಿತ್ತು. ಐತೆ ನಿಜ ಅಂದ್ಕೊಂಡಿದ್ದೆ.”

ಅಜ್ಜಿಯ ನಗು ನಿಂತಿತು. ಮೆಲ್ವಿನ್ ದೂರದಲ್ಲಿ ಏಣಿ ಹತ್ತಿ ಲೈಟು ತಿರುಗಿಸುತ್ತಿರುವುದನ್ನು ಖಚಿತ ಮಾಡಿಕೊಂಡು, ಸ್ವರ ಇಳಿಸಿದಳು. ದುಗ್ಗುವನ್ನು ನಾಲ್ಕು ವರ್ಷದವಳಿರುವಾಗ ಯಾರೋ ಬೋಳಾರದ ಒಂದು ಮನೆಯ ಹಿತ್ತಿಲಲ್ಲಿ ಬಿಟ್ಟುಹೋಗಿದ್ದರು. ಆ ಮನೆಯವರು ಸಾಕಿದರು, ತಮ್ಮ ಬರಿಯನ್ನೂ ಕೊಟ್ಟರು. ಮುಂದೆ ವಾರಿಜಾಕ್ಷಿಯನ್ನು ನೋಡಲು ಗಂಡಿನ ಕಡೆಯ ಹಿರಿಯರು ಬಂದಾಗ, ಹುಡುಗಿಯ ತಾಯಿಯನ್ನು ಹೆತ್ತವಳು ಯಾರು ಎಂದು ಕೇಳಿದರು. ದುಗ್ಗು ಒಂದಿಷ್ಟೂ ತಡವರಿಸಲಿಲ್ಲ. ಮುಸ್ಸಂಜೆ ಮಕ್ಕಳಿಗೆ ಹೇಳುತ್ತಿದ್ದ ಕಥೆಯ ಹೆಣ್ಣಿನ ಹೆಸರನ್ನೇ, ಐತೆ ಎಂದು, ಹೇಳಿಬಿಟ್ಟಳು.

“ಅವತ್ತು ಅಮ್ಮ ಹಾಗೆ ಹೇಳದಿದ್ರೆ ನನ್ನ ಮದುವೆ ಇಲ್ಲ. ನಿನ್ನ ಅಮ್ಮನೂ ಇಲ್ಲ, ನೀನೂ ಇಲ್ಲ. ನನ್ನ ಮಗ, ನಿನ್ನ ಯೋಗೀಶ ಮಾವ, ಅವನಿಗೂ ಗೊತ್ತಿಲ್ಲ ಇದು. ನಿನಗೆ ಹೇಳಿದೆ, ಇಲ್ಲಿಗೇ ಬಿಡು ಮಗಾ.”

ಅಶ್ಮಿತಾ ಕಿಟಕಿಯ ಬಳಿ ಹೋಗಿ ಮೊಬೈಲ್ ತೆಗೆದಳು. ಕಡಿಮೆಯಾಗಿದ್ದದ್ದು ಸಿಕ್ಕಿತ್ತು. ‘ಮೊದಲ ಬಟ್ಟೆಯ ಹೆಣ್ಣು ಎಂದೂ ಹುಟ್ಟಿರಲಿಲ್ಲ’ ಎಂದು ಬರೆದದ್ದೇ ತಡ, ಹಿಂದೆಯೇ ಇನ್ನೂ ನಾಲ್ಕು ಸಾಲು ಕರೆಯದೆ ಬಂದವು. ಚೆನ್ನಾಗಿಯೇ ಇದ್ದವು. ಬೇರೆಯವರ ಗೋಡೆಯ ಮೇಲೆ ಇಂಥದ್ದನ್ನು ಓದಿದ್ದರೆ ಅವಳಿಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಐದಕ್ಕೆ ಯೋಗೀಶ ಮಾವ ಹೆಂಡತಿಯ ಮನೆಯವರನ್ನು ಕರೆದುಕೊಂಡು ಬರುತ್ತಾರೆ. ಅವರೂ ಓದುತ್ತಾರೆ. ಓದಿ, ಆಮೇಲೆ ಮನೆಗೆ ಹೋಗಿ ಅಜ್ಜಿಯ ಮುಖ ನೋಡುತ್ತಾರೆ.

ಅಜ್ಜಿ ಇವಳತ್ತ ನೋಡುತ್ತಿರಲಿಲ್ಲ. ಚೀಲದಲ್ಲಿ ಕನ್ನಡಕದ ಡಬ್ಬಿ ಹುಡುಕುತ್ತಿದ್ದಳು.

“ಆಯ್ತಾ?” ಏಣಿಯ ಮೇಲಿಂದ ಮೆಲ್ವಿನ್ ಕೂಗಿದ.

“ಎರಡು ನಿಮಿಷ.”

ಅಳಿಸುವ ಗುಂಡಿಯನ್ನು ಒತ್ತಿ ಹಿಡಿದಳು. ಕೊನೆಯ ಅಕ್ಷರದಿಂದ ಮೊದಲಿನದರವರೆಗೆ ಎಲ್ಲವೂ ಹಿಂದಕ್ಕೆ ಹೋದವು. ಆಮೇಲೆ ಯಾರ ಮಗಳು ಯಾರು ಎಂದಷ್ಟೇ, ಐದು ಹೆಸರು ಬರೆದು ಕಳುಹಿಸಿದಳು.

ಮೆಲ್ವಿನ್ ಕೆಳಗಿಳಿದು ಓದಿದ. “ಇಷ್ಟೇಯಾ?”

“ಇಷ್ಟೇ.”

“ಪೇಪರಿನವರು ಎರಡು ಸಾಲು ಹಾಕಿದ್ರೆ ಪುಣ್ಯ,” ಎನ್ನುತ್ತಾ ಪ್ರಿಂಟಿಗೆ ಹೊರಟ.

“ಎಂತ ಬರೆದೆ? ಓದು,” ಅಂದಳು ಅಜ್ಜಿ. ಅಶ್ಮಿತಾ ಓದಿದಳು. ಅಜ್ಜಿ ಒಂದೊಂದು ಹೆಸರಿಗೂ ಬೆರಳು ಮಡಿಸುತ್ತಾ ಕೇಳಿಸಿಕೊಂಡಳು.

“ಐತೆಯ ಅಮ್ಮನನ್ನು ಬಿಟ್ಟದ್ದು ಯಾಕೆ?” ಅಂದಳು.

“ಅವಳ ಹೆಸರೆಂತ?”

ವಾರಿಜಾಕ್ಷಿ ತಲೆಯೆತ್ತಿ, ಹೆಸರೊಂದನ್ನು ಅಲ್ಲಿಂದಲೇ ಆರಿಸುವವಳಂತೆ ತಿರುಗುವ ಫ್ಯಾನನ್ನು ನೋಡಿದಳು.

“ಆ ಹುಡುಗನಿಗೆ ನಿಲ್ಲಿಕ್ಕೆ ಹೇಳು,” ಅಂದಳು. “ಈಗ ಹೇಳ್ತೇನೆ.”